ಪ್ರಶ್ನೆ ಇದ್ದರೆ ಕೈ ಎತ್ತಿ

ಅಪ್ಪಾ,

ನಿನ್ನೆಯಿಂದ ನೀನು ಮಾತಾಡುತ್ತಿಲ್ಲ. ಅದಕ್ಕೇ ಬುತ್ತಿಯಲ್ಲಿ ಈ ಚೀಟಿ ಇಟ್ಟಿದ್ದೇನೆ.

ಕೈ ಹತ್ತಿರ ಬಂದರೆ ಮಷಿನ್ ನಿಲ್ಲಿಸುವ ನಮ್ಮ ಸೆನ್ಸರ್ ಮಾರಲು ನಿಮ್ಮ ಪೀಣ್ಯದ ಫ್ಯಾಕ್ಟರಿಗೆ ಬಂದಾಗ, ಮಾಲೀಕರ ಜೊತೆ ಕೆಲಸಗಾರರನ್ನೂ ಕೂರಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ಪ್ರೆಸೆಂಟೇಶನ್ ಎಲ್ಲ ಕಡೆಯೂ ನಿನ್ನ ಕಥೆಯಿಂದಲೇ ಶುರುವಾಗುತ್ತದೆ. ಹೆಸರು ಹೇಳುವುದಿಲ್ಲ, ಪ್ರೆಸ್ ಮಷಿನ್‌ಗೆ ಸಿಕ್ಕ ಮೂರು ಬೆರಳು ಅಷ್ಟೇ.

"ಮಾಲೀಕರ ಮುಂದೆ ಮಷಿನ್ ತಪ್ಪು ಅನ್ಬೇಡಿ, ಕೆಲಸಗಾರ ಮೈಮರೆತ ಅನ್ನಿ" ಎಂದು ನಮ್ಮ ಕಂಪನಿಯ ಮ್ಯಾನೇಜರ್ ಗುರುರಾಜ್ ಸರ್ ಕಲಿಸಿದ್ದರು. ಹಾಗೇ ಹೇಳಿದೆ, ಎಲ್ಲೂ ತಡವರಿಸಲಿಲ್ಲ. "ಕೈಗೆ ಅಡ್ಡ ಇದ್ದ ಗಾರ್ಡ್ ಬಿಚ್ಚಿಸಿದವ್ರು ಮಾಲೀಕ್ರೇ, ಅವ್ವಾ, ನಾ ಎಚ್ಚರ ಇದ್ದೆ" ಎಂದು ನೀನು ಆಸ್ಪತ್ರೆಯಲ್ಲಿ ಅತ್ತದ್ದು ನನಗೆ ಮರೆತುಹೋಗಿರಲಿಲ್ಲ.

ಕೊನೆಗೆ "ಪ್ರಶ್ನೆ ಇದ್ದರೆ ಕೈ ಎತ್ತಿ" ಎಂದೆ. ಹಿಂದಿನ ಸಾಲಿನಲ್ಲಿ ನೀನು ಆ ಕೈಯನ್ನೇ ಎತ್ತಿದೆ. ನನ್ನ ಮುಖ ನೋಡಿ ಇಳಿಸಿಬಿಟ್ಟೆ. ಆಮೇಲೆ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದೆ.

ಆರ್ಡರ್ ಬಂದಿದೆ. ರೊಟ್ಟಿ ಮುರಿದೇ ಇಟ್ಟಿದ್ದೇನೆ, ಊಟ ಬಿಡಬೇಡ. ಸಂಜೆ ಬಂದು ಆ ಪ್ರಶ್ನೆ ಕೇಳು. ಈ ಸಲ ಕೈ ಇಳಿಸಬೇಡ.

ನಿನ್ನ ಮಗಳು,
ಮಹಾದೇವಿ