ಹಳಿ ಮೇಲಿನ ಊನ

ಕ್ಯಾಂಪ್, ಬೆಳಗಾವಿ
9 ನವೆಂಬರ್ 2024

ಪ್ರೀತಿಯ ಅಪ್ಪನಿಗೆ,

ನಿಮ್ಮ ಶೀತಲಳ ನಮಸ್ಕಾರ. ರಜೆ ಮುಗಿಸಿ ಬಂದವಳು ಇಷ್ಟು ದಿನ ಬರೆಯಲಿಲ್ಲ, ಸಾರಿ. ಇಂಟರ್ನಲ್ಸ್ ಇತ್ತು ಅನ್ನುವುದು ಅರ್ಧ ನಿಜ, ಉಳಿದರ್ಧ ಹೆದರಿಕೆ. ಫೋನಿನಲ್ಲಿ ಹೇಳಹೋದರೆ ನೀವು "ಇರ್ಲಿ ಬಿಡವಾ, ಉಂಡಿ ಏನ?" ಎಂದು ಮುಗಿಸಿಬಿಡುತ್ತೀರಿ.

ಕೇಳಬೇಕಾದದ್ದು ಇಷ್ಟೇ: ಮತ್ತೆ ಹಾಡು ಕಟ್ಟಿ ಬರೆದು ಕಳಿಸುತ್ತೀರಾ? ಏಳನೇ ಇಯತ್ತೆ ಓದುವಾಗ ನಾನು ಹಾಸ್ಟೆಲ್ಲಿನಿಂದ "ಇನ್ನು ಹಾಡು ಬರೆಯಬೇಡಿ" ಎಂದು ಬರೆದೆ. ಯಾಕೆಂದು ಕೇಳದೆ ನಿಲ್ಲಿಸಿದಿರಿ. ಆರು ವರ್ಷವಾಯಿತು. "ಇಂಗ್ಲಿಷ್ ಸಾಲಿ ಹುಡುಗಿಗೆ ನಮ್ಮ ಮಾತು ನಾಚಿಕಿ ಆಗೇತಿ ಅಂತ ನಿಮ್ಮಪ್ಪ ಸುಮ್ಮ ಆಗ್ಯಾರ" ಎಂದು ಈ ರಜೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಹೇಳಿದಳು.

ಹೋದ ವಾರ ಕನ್ನಡ ಕ್ಲಾಸಿನಲ್ಲಿ ಗೌರೀಶ ಸರ್, "ಮರಿಯಾಕ ಆಗದ ಎರಡು ಸಾಲು ತಗೊಂಡ ಬರ್ರಿ. ಯಾರು ಬರದಾರ, ಏನು ನೀತಿ ಐತಿ, ಏನೂ ಬ್ಯಾಡ. ಓದ್ರಿ, ಕೇಳೂಣು, ಅಷ್ಟ" ಅಂದರು. ನನಗೆ ನೆನಪಿದ್ದದ್ದು ನಿಮ್ಮದೇ. ಗುಂಜಿಯಲ್ಲಿ ದಿನಾ ರೈಲು ಹಳಿ ತಪಾಸಣೆಗೆ ನಡೆಯುವಾಗ ನೀವು ಕಟ್ಟಿದ್ದು. ಯಾರದೆಂದು ಕೇಳುವುದಿಲ್ಲವಲ್ಲ ಎಂಬ ಧೈರ್ಯದಿಂದ ಎದ್ದೆ:

ಹಳಿ ಮ್ಯಾಲ ಊನ ಕುಂತೈತಿ, ಸಪ್ಪಳ ಮಾಡಬ್ಯಾಡ್ರಿ
ಗಾಡಿ ಬರೂತನಾ ಕುಂದರ್ಲಿ, ಎಬ್ಬಿಸಾಕ ಹೋಗಬ್ಯಾಡ್ರಿ

ಹಿಂದಿನ ಬೆಂಚಿನ ಬಸವಪ್ರಸಾದ, "ಯಪ್ಪಾ, ಹಳಿದಾಗ ಊನ ಐತಂತ ಗೊತ್ತಿದ್ದೂ ಸುಮ್ಮ ಕುಂದ್ರತಾನ? ಆ ಗಾಡಿ ನಾ ಹತ್ತೂದಿಲ್ಲ!" ಅಂದ. ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ. ಊನ ಎಂದರೆ ದೋಷ ಎಂದೇ ನಾನೂ ಪಾಠದಲ್ಲಿ ಕಲಿತಿದ್ದೆ. ಆ ಅರ್ಥಕ್ಕೆ ಹೆದರುತ್ತಲೇ, ಸಾಲುಗಳ ನಡಿಗೆಗೆ ಮರುಳಾಗಿ ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದೆ.

ಆಗ ಖಾನಾಪುರದ ಸಾತಪ್ಪ ತಿರುಗಿ, "ಏ ಶಾಣ್ಯಾ, ಮರಾಠಿದಾಗ ಊನ ಅಂದ್ರ ಬಿಸಿಲೋ! ಹಳಿ ಮ್ಯಾಲ ಬಿಸಿಲು ಕುಂತೈತಿ" ಅಂದ.

ಅಪ್ಪಾ, ಮನೆಯಲ್ಲಿ ನಾವು ಬಿಸಿಲು ಅಂತಲೇ ಅನ್ನುತ್ತೇವಲ್ಲ. ಅದು ಹಳಿ ಕೆಲಸದ ನಿಮ್ಮ ಗ್ಯಾಂಗಿನ ಮರಾಠಿ ಗೆಳೆಯರ ಮಾತು ಎಂದು ನನಗೆ ಹೊಳೆದೇ ಇರಲಿಲ್ಲ.

ಸರ್ ಇನ್ನೊಮ್ಮೆ ಓದಿಸಿದರು. ಯಾರೂ ನಗಲಿಲ್ಲ. "ಇದರಿಂದ ಏನ ಉಪಯೋಗರಿ ಸರ್?" ಎಂದ ಬಸವಪ್ರಸಾದ.

"ಏನೂ ಇಲ್ಲ. ಬಿಸಿಲು ಕಾಣ್ತೈತಿಲ್ಲೋ?"

"ಕಾಣ್ತೈತ್ರಿ."

"ಮತ್ತ ಕುಂದರು."

ಹೊರಗೆ ಬಂದಾಗ ಸಾತಪ್ಪ ಯಾರು ಕಟ್ಟಿದ್ದೆಂದು ಕೇಳಿದ. "ನಮ್ಮಪ್ಪ" ಅಂದೆ, ಸ್ವಲ್ಪ ಜೋರಾಗಿಯೇ.

ಮೆಸ್ಸಿನ ಊಟ ನಡೆದಿದೆ. ಚಳಿ ಬಿದ್ದಿದೆ, ಮುಂಜಾನೆ ಕೆಲಸಕ್ಕೆ ಹೋಗುವಾಗ ಸ್ವೆಟರ್ ಹಾಕಿಕೊಳ್ಳಿ. ಅವ್ವನಿಗೂ ಸಿದ್ದಕ್ಕಜ್ಜಿಗೂ ನನ್ನ ನಮಸ್ಕಾರ. ನನ್ನ ತಲೆ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮಗಳು,
ಶೀತಲ

ತಾ.ಕ.: ಅವತ್ತು ಹಾಡು ಬೇಡವೆಂದು ನಾಚಿಕೆಯಿಂದ ಬರೆದದ್ದಲ್ಲ ಅಪ್ಪಾ. ಹಳಿಯ ದೋಷ ಮುಚ್ಚಿಟ್ಟಿದ್ದೀರಿ, ಪತ್ರ ಯಾರಾದರೂ ಓದಿದರೆ ನಿಮ್ಮನ್ನು ಪೊಲೀಸರು ಒಯ್ಯುತ್ತಾರೆ ಅಂದುಕೊಂಡೆ. ನೀವು ಅಲ್ಲಿಯವರೆಗೆ ಕಳಿಸಿದ್ದ ಅಷ್ಟೂ ಪತ್ರಗಳನ್ನು ಹಾಸ್ಟೆಲ್ಲಿನ ನೀರೊಲೆಗೆ ಹಾಕಿದೆ. ಈ ಎರಡು ಸಾಲು ಬಿಟ್ಟು ಒಂದೂ ಉಳಿದಿಲ್ಲ. ಯಾರಾದರೂ ನಿಮ್ಮ ಹಾಡು ಕೇಳಿದರೆ ನೀವು, "ನನ್ನ ಕಡೆ ಎಲ್ಲಿ ಅದಾವ? ಎಲ್ಲಾ ಮಗಳು ಜ್ವಾಕಿ ಮಾಡಿ ಇಟ್ಟಾಳ" ಅನ್ನುತ್ತೀರಂತೆ. ಅವ್ವ ಹೇಳಿದಳು.