ಮೊಳೆಗೆ ತೂಗಿದ ಬೀಗದ ಕೈ

ಅಣ್ಣನಿಗೆ,

ಎದುರಿಗೆ ಬಂದರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಕಟ್ಟಡದ ನಿವಾಸಿಗಳ ಸಭೆಯಲ್ಲಿ, ಕೆಳಗಿನ ಗಡಿಯಾರ ರಿಪೇರಿಯವರು ಕಾರ್ಯದರ್ಶಿಯಾಗಲು ಒಪ್ಪಿದಾಗ, ಅಧ್ಯಕ್ಷನಾದ ನೀನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಎಂದೆ. ಮನಸ್ಸಾಕ್ಷಿಯ ಹೆಸರಿನಲ್ಲಿ ಮಾಡುತ್ತೇನೆ ಎಂದರು. "ದೇವರ ಭಯವೇ ಇಲ್ಲದವರನ್ನ ನಂಬೋದು ಹೇಗ್ರೀ?" ಎಂದು ನೀನು ಕೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಎದ್ದು ಹೋದರು.

ಪರಊರಿಗೆ ಹೊರಟಾಗ ನಾವೆಲ್ಲ ಮನೆಯ ಬೀಗದ ಕೈ ಕೊಟ್ಟು ಹೋಗುವುದು ಯಾರಿಗೆ? ಅವರ ಅಂಗಡಿಯ ಗೋಡೆಯ ಮೊಳೆಗಳಲ್ಲಿ ಇವತ್ತೂ ಎಲ್ಲರ ಬೀಗದ ಕೈಗಳು ತೂಗುತ್ತಿವೆ. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ವಾಪಸು ತಂದಿಲ್ಲ. ನೀನೂ ತಂದಿಲ್ಲ.

ನೀನು ಆಸ್ಪತ್ರೆಯಲ್ಲಿ, ಅತ್ತಿಗೆ ನಿನ್ನ ಪಕ್ಕದಲ್ಲಿ ಇದ್ದಾಗ ನಿಮ್ಮ ಮನೆಯ ನಲ್ಲಿ ಒಡೆದದ್ದು ಮರೆತೆಯಾ? ನಾನು ಓಡಿ ಬರುವಷ್ಟರಲ್ಲಿ ಅವರು ಬೀಗ ತೆಗೆದು, ನಿನ್ನ ದೇವರ ಪಟಗಳನ್ನು ಒಂದೊಂದಾಗಿ ಒರೆಸಿ ಮಂಚದ ಮೇಲಿಡುತ್ತಿದ್ದರು.

"ನೀವು ನಂಬಲ್ವಲ್ಲ?" ಎಂದೆ.

"ನಿಮ್ಮಣ್ಣ ನಂಬ್ತಾರಲ್ಲ ಅಕ್ಕಾ. ಮಾತು ಸಾಕು, ಈ ದೊಡ್ಡ ಪಟ ಆ ಕಡೆಯಿಂದ ಹಿಡ್ಕೊಳ್ಳಿ" ಎಂದರು.

ನಾನೂ ದಿನಾ ಕೈ ಮುಗಿಯುವವಳೇ. ಆ ದೇವರ ಹೆಸರು ಹೇಳಿ ನೀನು ಅಂಥವರ ಮರ್ಯಾದೆ ಕಳೆದದ್ದನ್ನು ನಾನು ಸಹಿಸುವುದಿಲ್ಲ.

ನಾಳೆ ಬೆಳಿಗ್ಗೆ ಅಂಗಡಿಗೆ ಹೋಗು. ನಂಬಿಕೆಯಿಲ್ಲದಿದ್ದರೆ ಎಲ್ಲರೆದುರೇ ನಿನ್ನ ಬೀಗದ ಕೈ ಕೇಳಿ ತೆಗೆದುಕೋ. ಅದಕ್ಕೆ ಬಾಯಿ ಬಾರದಿದ್ದರೆ ನಿನ್ನೆಯ ಮಾತಿಗೆ ಕ್ಷಮೆ ಕೇಳು. ಎರಡೂ ಆಗದಿದ್ದರೆ ನನ್ನ ಬಾಗಿಲು ತಟ್ಟಬೇಡ.

ನನ್ನ ಬೀಗದ ಕೈ ಆ ಮೊಳೆಯಲ್ಲೇ ಇರುತ್ತದೆ.

ಮೂರನೇ ಮಹಡಿಯಿಂದ,
ನಿನ್ನ ತಂಗಿ