ಏಳನೇ ನಂಬರಿನ ಅರ್ಜಿ

ಮಾರ್ಚ್ ೧೪, ಗುರುವಾರ

ಏಳನೇ ನಂಬರಿನ ಅರ್ಜಿ ತಲೆ ಕೊರೆಯುತ್ತಲೇ ಇದೆ. ಉಪನ್ಯಾಸಕರ ಹುದ್ದೆಗೆ ಬಂದ ಅರ್ಜಿ ಯಾರದು, ಗಂಡೋ ಹೆಣ್ಣೋ ಎಂದು ಆಯ್ಕೆ ಸಮಿತಿಗೆ ತಿಳಿಯಬಾರದು. ನಮ್ಮ ವಿಶ್ವವಿದ್ಯಾಲಯದ ಸಮಾನ ಅವಕಾಶ ಘಟಕ ಇರುವುದೇ ಅದಕ್ಕೆ. ಹೆಸರುಗಳ ಮೇಲೆ ಮಸಿ ಬಳಿದವಳು ನಾನೇ. ಆದರೂ ಇವತ್ತು ಸಭೆಯಲ್ಲಿ ವಿಭಾಗದ ಮುಖ್ಯಸ್ಥರು ಆ ಹಾಳೆಯನ್ನು ಪಕ್ಕಕ್ಕೆ ಸರಿಸಿ, "ಇವ್ರು ಬೇಡ ಬಿಡಿ, ಪುಟ್ಟ ಮಗು ಇಟ್ಕೊಂಡು ಸಂಜೆ ಕ್ಲಾಸ್ ಎಲ್ಲಿ ತಗೋತಾರೆ?" ಅಂದುಬಿಟ್ಟರು.

ಮಗು ಇರುವುದು ಅವರಿಗೆ ಹೇಗೆ ಗೊತ್ತು? ಹೆಸರಿನ ಪಟ್ಟಿ ನನ್ನ ಬೀರುವಿನಲ್ಲಿದೆ. ಅದರ ಇನ್ನೊಂದು ಕೀಲಿ ಇರುವುದು ನಮ್ಮ ಗುಮಾಸ್ತನ ಹತ್ತಿರ. ಅವನು ದಿನಾ ಕಾಫಿ ಕುಡಿಯುವುದು ಆ ಮುಖ್ಯಸ್ಥರ ಜೊತೆ. ಕೇಳಿದ್ದಕ್ಕೆ, "ನನ್ ಮೇಲೇ ಅನುಮಾನಾನಾ ಮೇಡಂ?" ಎಂದು ಮುಖ ಊದಿಸಿಕೊಂಡ. ತಪ್ಪು ಮಾಡದವನು ಅಷ್ಟು ಬೆವರುತ್ತಾನೆಯೇ?

ಅವನ ಮೇಲೆ ದೂರು ಬರೆಯೋಣವೆಂದು, ಸಮಿತಿಗೆ ಕೊಟ್ಟಿದ್ದ ಆ ಅರ್ಜಿಯ ಪ್ರತಿಯನ್ನು ಈಗ ತೆಗೆದು ನೋಡಿದೆ. ಮಸಿ ಗಟ್ಟಿಯಾಗಿಯೇ ಇದೆ. ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನ ಒಂದು ಸಾಲು: "ಸಂದರ್ಶನದ ದಿನ ಮಗುವಿಗೆ ಹಾಲೂಡಿಸಲು ಕೋಣೆ ಬೇಕು."

ಆಕೆ ಫೋನ್ ಮಾಡಿ ಸಂಕೋಚದಿಂದಲೇ ಕೇಳಿದ್ದಳು. ಮರೆಯಬಾರದೆಂದು ಬರೆದಿಟ್ಟೆ. ಅಕ್ಷರ ನನ್ನದೇ.

ಗುಮಾಸ್ತನ ಮುಂದೆ ನಾಳೆ ತಲೆ ತಗ್ಗಿಸಿದರೆ ಮುಗಿಯಿತು. ಆದರೆ ಆಕೆಗೆ ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ?